ಬೆರಳಿನ ಪ್ರಯೋಗ ಒಂದು ಪ್ಯಾರಾ ಸಾಕು

ಪ್ರಿಯ ಲೇಖಕರೇ,

ಪ್ಯಾರಲಾಕ್ಸ್ (ನೋಡುವ ಜಾಗ ಬದಲಾದಾಗ ವಸ್ತು ಜರುಗಿದಂತೆ ಕಾಣುವುದು) ಬಳಸಿ ನಕ್ಷತ್ರಗಳ ದೂರ ಅಳೆಯುವುದರ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಕೈಬಿಡಲೂ ಮನಸ್ಸಿಲ್ಲ, ಹಾಗಾಗಿ ಬಿಚ್ಚಿ ಹೇಳುತ್ತೇನೆ.

ಲೇಖನದ ಅರ್ಧಕ್ಕಿಂತ ಹೆಚ್ಚು ಭಾಗ ಬೆರಳಿಗೇ ಹೋಗಿದೆ. ಮುಖದ ಮುಂದೆ ಬೆರಳು ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿದರೆ ಬೆರಳು ಜರುಗಿದಂತೆ ಕಾಣುತ್ತದೆ, ಸರಿ. ಭೂಮಿ ಸೂರ್ಯನ ಈಚೆಗಿದ್ದಾಗ ಒಮ್ಮೆ, ಆರು ತಿಂಗಳ ನಂತರ ಆಚೆಗಿದ್ದಾಗ ಇನ್ನೊಮ್ಮೆ ನೋಡಿದರೆ ಹತ್ತಿರದ ನಕ್ಷತ್ರವೂ ಹಿಂದಿನವುಗಳ ಎದುರು ಹಾಗೇ ಜರುಗುತ್ತದೆ. ಇಷ್ಟು ಹೇಳಿದರೆ ಓದುಗರಿಗೆ ತಿಳಿಯುತ್ತದೆ. ಆಮೇಲೆ ನೀವು ‘ಹೀಗೆ ದೂರವನ್ನು ಸುಲಭವಾಗಿ ಲೆಕ್ಕ ಹಾಕಬಹುದು’ ಎಂದು ಬರೆದು ಮುಂದೆ ಹೋಗಿದ್ದೀರಿ. ನನ್ನ ತಕರಾರು ಇರುವುದು ಅಲ್ಲೇ. ಭೂಮಿ ಸೂರ್ಯನನ್ನು ಸುತ್ತುತ್ತದೆ ಎಂದು ಕೊಪರ್ನಿಕಸ್ ಬರೆದ ಪುಸ್ತಕ ಬಂದಿದ್ದು 1543ರಲ್ಲಿ. ಮೊದಲ ನಂಬಲರ್ಹ ಪ್ಯಾರಲಾಕ್ಸ್ ಪ್ರಕಟವಾಗಿದ್ದು 1838ರಲ್ಲಿ. ನಡುವಿನ 295 ವರ್ಷ ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ.

ಆ ನಡುವೆ ಖಗೋಳಜ್ಞ ಟೈಕೋ ಬ್ರಾಹೆ ಹುಡುಕಿದರೂ ನಕ್ಷತ್ರ ಜರುಗಿದ್ದು ಕಾಣಲಿಲ್ಲ. ಭೂಮಿ ಚಲಿಸುವುದಿಲ್ಲ ಎನ್ನಲು ಅವನಿಗೆ ಅದೂ ಒಂದು ಕಾರಣವಾಯಿತು. ಮುಂದೆ ಇನ್ನೊಬ್ಬ ಖಗೋಳಜ್ಞ ಬ್ರಾಡ್ಲಿಗೆ ನಕ್ಷತ್ರ ಜರುಗಿದ್ದು ಕಂಡಿತು, ಆದರೆ ಪ್ಯಾರಲಾಕ್ಸ್‌ನಿಂದ ಆಗಬೇಕಾದ ದಿಕ್ಕಿನಲ್ಲಿ ಅಲ್ಲ. ಭೂಮಿಯ ಓಟದಿಂದಾಗಿ ಬೆಳಕು ಓರೆಯಾಗಿ ಬಂದಂತೆ ತೋರುವುದೇ ಅದಕ್ಕೆ ಕಾರಣ ಎಂದು ಅವನು 1728ರ ಹೊತ್ತಿಗೆ ಕಂಡುಕೊಂಡ. ಹುಡುಕಿದ್ದು ಒಂದು, ಸಿಕ್ಕಿದ್ದು ಇನ್ನೊಂದು. ಆದರೂ ಭೂಮಿ ಚಲಿಸುತ್ತದೆ ಎಂಬುದಕ್ಕೆ ನೇರ ಸಾಕ್ಷಿ ದೊರೆತಂತಾಯಿತು. ಇದನ್ನು ಬಿಟ್ಟು ಬೆರಳಿಗೆ ಅಷ್ಟು ಜಾಗ ಕೊಟ್ಟಿದ್ದೀರಲ್ಲ ಎಂದು ನಿಜಕ್ಕೂ ಬೇಸರವಾಯಿತು.

1838ರ ಆ ಪ್ಯಾರಲಾಕ್ಸ್ ಅಳೆದ ಖಗೋಳಜ್ಞ ಬೆಸೆಲ್‌ಗೆ ನೀವು ಕೊಟ್ಟಿರುವುದು ಒಂದೇ ವಾಕ್ಯ. ಅವನು ಪ್ರಕಾಶಮಾನ ನಕ್ಷತ್ರವನ್ನು ಆರಿಸಿಕೊಳ್ಳಲಿಲ್ಲ. ರಾಜಹಂಸ ಪುಂಜದ 61 ಸಿಗ್ನಿ ಎಂಬ ಮಂಕಾದ ನಕ್ಷತ್ರವನ್ನು ಹಿಡಿದ. ಅದು ಆಕಾಶದಲ್ಲಿ ವರ್ಷಕ್ಕೆ 5 ಆರ್ಕ್ ಸೆಕೆಂಡ್‌ಗೂ (ಒಂದು ಆರ್ಕ್ ಸೆಕೆಂಡ್ ಎಂದರೆ ಡಿಗ್ರಿಯ 3600ನೇ ಒಂದು ಭಾಗ) ಹೆಚ್ಚು ಸರಿಯುತ್ತದೆ. ಅಷ್ಟು ಬೇಗ ಸರಿಯುವುದು ಹತ್ತಿರದಲ್ಲೇ ಇರಬೇಕು ಎಂಬುದು ಅವನ ತರ್ಕ. ಕೋನಿಗ್ಸ್‌ಬರ್ಗ್‌ನಲ್ಲಿ ಅವನ ಬಳಿ ಇದ್ದ ಹೀಲಿಯೋಮೀಟರಿನ (ಸಣ್ಣ ಕೋನ ಅಳೆಯುವ ದೂರದರ್ಶಕ) ಮಸೂರವನ್ನು ನಡುವೆ ಸೀಳಿ ಎರಡು ಹೋಳು ಮಾಡಲಾಗಿತ್ತು. ಒಂದು ಹೋಳಿನಲ್ಲಿ ಕಾಣುವ 61 ಸಿಗ್ನಿ, ಇನ್ನೊಂದರಲ್ಲಿ ಕಾಣುವ ಪಕ್ಕದ ಮಸುಕು ನಕ್ಷತ್ರ, ಎರಡೂ ಕೂಡುವ ತನಕ ಸ್ಕ್ರೂ ತಿರುಗಿಸುವುದು. ಸ್ಕ್ರೂ ಎಷ್ಟು ತಿರುಗಿತು ಎಂಬುದರಿಂದ ಕೋನ ತಿಳಿಯುವುದು. ಒಂದು ವರ್ಷಕ್ಕೂ ಹೆಚ್ಚು ಕಾಲ ಇದೇ ಕೆಲಸ. ಬಂದ ಉತ್ತರ 0.314 ಆರ್ಕ್ ಸೆಕೆಂಡ್. ಇಂದಿನ ಅಳತೆ 0.286. ಒಂದು ರೂಪಾಯಿ ನಾಣ್ಯವನ್ನು ಸುಮಾರು 16 ಕಿಲೋಮೀಟರ್ ಆಚೆ ಇಟ್ಟರೆ ಅದರ ಅಗಲ ಕಣ್ಣಿಗೆ ಮಾಡುವ ಕೋನ ಅಷ್ಟೇ.

ಲೆಕ್ಕದಲ್ಲೂ ತಪ್ಪಿದ್ದೀರಿ. 61 ಸಿಗ್ನಿ 5.7 ಜ್ಯೋತಿರ್ವರ್ಷ ದೂರದಲ್ಲಿದೆ ಎಂದು ಬರೆದಿದ್ದೀರಿ. ಸರಿಯಾದ ದೂರ 11.4. ಆರ್ಕ್ ಸೆಕೆಂಡ್‌ಗಳಲ್ಲಿರುವ ಪ್ಯಾರಲಾಕ್ಸ್‌ನಿಂದ 3.26ನ್ನು ಭಾಗಿಸಿದರೆ ದೂರ ಜ್ಯೋತಿರ್ವರ್ಷಗಳಲ್ಲಿ ಸಿಗುತ್ತದೆ; ನೀವು ಆರು ತಿಂಗಳಲ್ಲಿ ಆಗುವ ಪೂರ್ತಿ ಪಲ್ಲಟದಿಂದ ಭಾಗಿಸಿದ್ದೀರಿ. ಪ್ಯಾರಲಾಕ್ಸ್ ಎಂದರೆ ಅದರಲ್ಲಿ ಅರ್ಧ, ಭೂಮಿ–ಸೂರ್ಯರ ನಡುವಿನ 15 ಕೋಟಿ ಕಿಲೋಮೀಟರಿಗೆ ತಕ್ಕ ಕೋನ ಮಾತ್ರ. ಇನ್ನು, ಖಗೋಳಜ್ಞ ಹೆಂಡರ್ಸನ್ ಹೆಸರು ಸೇರಿಸಿ. ಅವನು ದಕ್ಷಿಣ ಆಫ್ರಿಕಾದ ಕೇಪ್‌ನಲ್ಲಿ ಆಲ್ಫಾ ಸೆಂಟಾರಿ ನಕ್ಷತ್ರವನ್ನು ಬೆಸೆಲ್‌ಗಿಂತ ಮೊದಲೇ ಅಳೆದಿದ್ದ, ಪ್ರಕಟಿಸಿದ್ದು ಮಾತ್ರ 1839ರಲ್ಲಿ.

‘ಎಲ್ಲ ನಕ್ಷತ್ರಗಳ ದೂರವನ್ನೂ ಹೀಗೇ ಅಳೆಯುತ್ತಾರೆ’ ಎಂಬ ವಾಕ್ಯ ತೆಗೆಯಿರಿ. ದೂರ ಹೆಚ್ಚಿದಂತೆ ಕೋನ ಚಿಕ್ಕದಾಗಿ, ಒಂದು ಹಂತದಲ್ಲಿ ಅಳತೆಯ ದೋಷದೊಳಗೇ ಮುಳುಗಿಹೋಗುತ್ತದೆ. 2013ರಲ್ಲಿ ಹಾರಿದ ಗಾಯಾ ನೌಕೆ ನೂರು ಕೋಟಿಗೂ ಹೆಚ್ಚು ನಕ್ಷತ್ರಗಳ ಪ್ಯಾರಲಾಕ್ಸ್ ಕೊಟ್ಟಿದೆ. ಅದಕ್ಕೂ ಈ ಮಿತಿ ತಪ್ಪಿದ್ದಲ್ಲ.

ತಿದ್ದಿ ಕಳಿಸಿ. ಚಿತ್ರವೂ ಬೇಕು: ಬೆರಳಿನದ್ದಲ್ಲ, ಆ ಸೀಳಿದ ಮಸೂರದ್ದು.

ಇಂತಿ,
ಸಂಪಾದಕ