ಗಿಡ ನೆಡೋದು ಬಿಟ್ಟು ಇನ್ನೇನು ಮಾಡಬಹುದು?

ನೀವು ಕೇಳಿದ್ದು ಇಷ್ಟು: "ದಾವಣಗೆರೆಗೆ ವರ್ಗವಾಗಿ ಬಂದಿದ್ದೇನೆ. ಬಾಡಿಗೆ ಮನೆ, ಭಾನುವಾರ ಮಾತ್ರ ಬಿಡುವು. ಹವಾಮಾನ ಬದಲಾವಣೆಗೆ ನನ್ನಂಥ ಒಬ್ಬರು ಇಲ್ಲಿ ದಿನಾ ಏನು ಮಾಡಬಹುದು? ಗಿಡ ನೆಡಿ ಅಂತ ಮಾತ್ರ ಹೇಳಬೇಡಿ."

ಹೇಳುವುದಿಲ್ಲ ಬಿಡಿ. ನೆಡುವವರಿಗೆ ಇಲ್ಲಿ ಬರವೇ ಇಲ್ಲ. ಜೂನ್ 5, ಪರಿಸರ ದಿನ ಬಂತೆಂದರೆ ಎಲ್ಲರ ಕೈಯಲ್ಲೂ ಗುದ್ದಲಿ, ಎದುರಿಗೊಂದು ಕ್ಯಾಮೆರಾ. ಮಾರ್ಚ್ ತಿಂಗಳಲ್ಲಿ ನೀರು ಹಾಕುವವರು ಮಾತ್ರ ಸಿಗುವುದಿಲ್ಲ. ನಮ್ಮ ರಸ್ತೆಯಲ್ಲಿ ನೆಟ್ಟ ಹನ್ನೊಂದು ಹೊಂಗೆ ಗಿಡಗಳಲ್ಲಿ ಉಳಿದಿದ್ದು ನಾಲ್ಕು. ನಾಲ್ಕೂ ಅಂಗಡಿಗಳ ಮುಂದಿನವು. ಬೆಳಿಗ್ಗೆ ಕಟ್ಟೆ ತೊಳೆದ ನೀರು ಅವಕ್ಕೆ ಹೋಗುತ್ತದೆ, ಗುಟ್ಟು ಅಷ್ಟೇ. ನಿಮ್ಮ ಮನೆ ಹತ್ತಿರ ಯಾರೋ ನೆಟ್ಟು ಮರೆತ ಗಿಡ ಇದ್ದೇ ಇರುತ್ತದೆ. ದಿನ ಬಿಟ್ಟು ದಿನ ಒಂದು ಬಕೆಟ್ ನೀರು ಹಾಕಿ. ಎರಡು ಬೇಸಿಗೆ ದಾಟಿಸಿದರೆ ಆಮೇಲೆ ಅದರ ಪಾಡಿಗೆ ಅದು ಬೆಳೆಯುತ್ತದೆ.

ನನ್ನದೊಂದು ಜೆರಾಕ್ಸ್ ಅಂಗಡಿ. ಬೆಳಿಗ್ಗೆ ಶಟರ್ ಎತ್ತುವಾಗ ಮೊದಲು ಮೂಗಿಗೆ ಬಡಿಯುತ್ತಿದ್ದದ್ದು ಹೊಗೆ. ಚಳಿಗಾಲದಲ್ಲಂತೂ ಜಾಸ್ತಿ. ಅಕ್ಕಪಕ್ಕದವರದ್ದು ದಿನಾ ಅದೇ ಕೆಲಸ: ಬಾಗಿಲ ಮುಂದೆ ಗುಡಿಸುವುದು, ಎಲೆ, ಹಾಲಿನ ಕವರು ಎಲ್ಲ ಒಂದೇ ಗುಡ್ಡೆ ಮಾಡುವುದು, ಕಡ್ಡಿ ಗೀರುವುದು. ಗಾಳಿ ಕೆಟ್ಟಿರುವ ಊರುಗಳಿಗೆಂದು ಕೇಂದ್ರ ಸರ್ಕಾರ 2019ರಲ್ಲಿ ಶುದ್ಧ ಗಾಳಿ ಕಾರ್ಯಕ್ರಮ ಶುರು ಮಾಡಿತಲ್ಲ, ಅದರ ಪಟ್ಟಿಯಲ್ಲಿ ಕರ್ನಾಟಕದ ನಾಲ್ಕು ಊರುಗಳಿವೆ: ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ, ಮತ್ತೆ ನಮ್ಮ ದಾವಣಗೆರೆ. ಬೆಣ್ಣೆದೋಸೆಗೆ ಹೆಸರಾದ ಊರು ಇದಕ್ಕೂ ಹೆಸರಾಯಿತು. ಆ ಹೊಗೆಯಲ್ಲಿರುವ ಕರಿ ಮಸಿ ಬರೀ ಎದೆಗೆ ಕೆಟ್ಟದ್ದಲ್ಲ, ಬಿಸಿಲನ್ನು ಹೀರಿಕೊಂಡು ಗಾಳಿಯನ್ನೂ ಕಾಯಿಸುತ್ತದೆ.

ಎದುರು ಮನೆಯ ಅಜ್ಜಿ ದಿನಾ ಆರೂವರೆಗೆ ಬೆಂಕಿ ಹಚ್ಚುತ್ತಿದ್ದರು. ಬೇಡ ಅಂದರೆ "ಸೊಳ್ಳೆ ಹೋಗ್ತಾವಪ್ಪ" ಅನ್ನೋರು. ಎರಡು ಸಲ ವಾದ ಮಾಡಿ ಸೋತೆ. ಮೂರನೇ ಸಲ ಎರಡು ಖಾಲಿ ಮಂಡಕ್ಕಿ ಚೀಲ ತಗೊಂಡು ಹೋಗಿ, "ಅಜ್ಜಿ, ಎಲೆ ನನಗೆ ಬೇಕು, ಇದರಾಗೆ ತುಂಬಿಡ್ರಿ" ಅಂದೆ. "ಕಸ ಬೇಡೋನ್ನ ಇವತ್ತೇ ನೋಡಿದ್ದು ಬಿಡು" ಅಂತ ನಕ್ಕರು. ಮರುದಿನ ಚೀಲ ತುಂಬಿತ್ತು, ಬೆಂಕಿ ಇರಲಿಲ್ಲ.

ಎಲೆ ನಿಜಕ್ಕೂ ಬೇಕಿತ್ತು. ಅದಕ್ಕೂ ಮೊದಲು ನಾನು ಟೆರೇಸ್ ಮೇಲೆ ಗೊಬ್ಬರ ಮಾಡಲು ಹೋಗಿ ಮರ್ಯಾದೆ ಕಳೆದುಕೊಂಡಿದ್ದೆ. ಬರೀ ಅಡುಗೆಮನೆ ಕಸ ಸುರಿದಿದ್ದೆ. ವಾರಕ್ಕೇ ನಾತ, ಬಿಳಿ ಹುಳ. ಮನೆಯವರು ಎರಡು ದಿನ ಮಾತು ಬಿಟ್ಟರು. ತಪ್ಪು ಏನೆಂದರೆ ಒಣ ಎಲೆ ಹಾಕಿರಲಿಲ್ಲ. ಒಂದು ಹಿಡಿ ಹಸಿ ಕಸಕ್ಕೆ ಎರಡು ಹಿಡಿ ಒಣ ಎಲೆ, ಮೇಲೆ ಒಂದು ಚಮಚ ಹುಳಿ ಮಜ್ಜಿಗೆ, ಮೂರು ದಿನಕ್ಕೊಮ್ಮೆ ಕೋಲಿನಿಂದ ತಿರುವಿ ಹಾಕುವುದು. ಇಷ್ಟು ಮಾಡಿದರೆ ನಾತ ಬರುವುದಿಲ್ಲ. ಬಾಡಿಗೆ ಮನೆಗೆ ಹಳೇ ಪೇಂಟ್ ಬಕೆಟ್ ಎರಡು ಸಾಕು. ಸುತ್ತಲೂ ತೂತು ಹೊಡೆಯಿರಿ. ಒಂದು ತುಂಬಿದ ಮೇಲೆ ಇನ್ನೊಂದು. ಅದು ತುಂಬುವ ಹೊತ್ತಿಗೆ ಮೊದಲನೆಯದು ಕರಿ ಮಣ್ಣಾಗಿರುತ್ತದೆ.

ಇದು ಹವಾಮಾನಕ್ಕೆ ಹೇಗೆ ಸಂಬಂಧ ಅಂತೀರಾ? ಹಸಿ ಕಸ ಗಾಡಿ ಹತ್ತಿ ಹೋಗಿ ಗುಡ್ಡೆಯ ಅಡಿಯಲ್ಲಿ ಗಾಳಿಯಿಲ್ಲದೆ ಕೊಳೆತರೆ ಮೀಥೇನ್ ಏಳುತ್ತದೆ. ಶಾಖ ಹಿಡಿದಿಡುವುದರಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಎಷ್ಟೋ ಪಟ್ಟು ಜೋರು. ಬಕೆಟ್ಟಿನಲ್ಲಿ ಗಾಳಿಯಾಡುತ್ತಾ ಕೊಳೆತರೆ ಅದರ ಕಾಟ ತೀರಾ ಕಡಿಮೆ. ಗೊಬ್ಬರ ಮಾಡಲು ಪುರುಸೊತ್ತಿಲ್ಲ ಅಂದರೆ ಹಸಿ, ಒಣ, ಸ್ಯಾನಿಟರಿ (ಪ್ಯಾಡ್, ಡೈಪರ್), ಅಪಾಯದ ಕಸ ಅಂತ ನಾಲ್ಕು ಬೇರೆ ಮಾಡಿಯಾದರೂ ಕೊಡಿ. 2026ರ ನಿಯಮವೇ ಅದು.

ಕರೆಂಟಿನ ಬಗ್ಗೆ ಒಂದೇ ಮಾತು. ಗೃಹಜ್ಯೋತಿ ಬಂದ ಮೇಲೆ ತಿಂಗಳಿಗೆ 200 ಯೂನಿಟ್ ಒಳಗಿನ ಬಹಳ ಮನೆಗಳಿಗೆ ಬಿಲ್ ಸೊನ್ನೆ, ಹಾಗಾಗಿ ಯೂನಿಟ್ ಎಷ್ಟು ಅಂತ ಯಾರೂ ನೋಡುವುದಿಲ್ಲ. ನೀವು ನೋಡಿ. ಕೇಂದ್ರದ ಸೂರ್ಯಘರ್ ಯೋಜನೆಯಲ್ಲಿ ಚಾವಣಿ ಮೇಲಿನ 3 ಕಿಲೋವ್ಯಾಟ್ ಸೋಲಾರಿಗೆ 78,000 ರೂಪಾಯಿ ಸಬ್ಸಿಡಿ ಇದೆ, ಆದರೆ ಅದು ಸ್ವಂತ ಮನೆಯವರ ಮಾತು. 200 ಯೂನಿಟ್ ಒಳಗೆ ಮುಗಿಸುವವರಿಗೆ ನಾನು ಒತ್ತಾಯ ಮಾಡುವುದಿಲ್ಲ, ಲೆಕ್ಕ ಕೂಡುವುದು ಕಷ್ಟ.

ಇನ್ನು ಅರ್ಜಿ. ಇದು ನನ್ನ ಕಸುಬಿನ ವಿಷಯ, ಸ್ವಲ್ಪ ತಾಳ್ಮೆ ಇರಲಿ. ಹೋದ ವರ್ಷ ನಮ್ಮ ಸಾಲಿನ ಅಂಗಡಿಯವರೊಬ್ಬರು ಬೋರ್ಡು ಕಾಣುವುದಿಲ್ಲವೆಂದು ಮುಂದಿನ ಮರ ಕಡಿಸಲು ಆಳು ಕರೆಸಿದ್ದರು. ಏಣಿ ಹಾಕಿ ಆಗಿತ್ತು. ನಾನು ಜಗಳ ಆಡಲಿಲ್ಲ, "ಪರ್ಮಿಷನ್ ತಗೊಂಡೀರಾ?" ಅಂತ ಮಾತ್ರ ಕೇಳಿದೆ. 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಸ್ವಂತ ಜಾಗದ ಮರಕ್ಕೂ ಅರಣ್ಯ ಇಲಾಖೆಯ ವೃಕ್ಷಾಧಿಕಾರಿಯ ಅನುಮತಿ ಬೇಕು. ತೆಂಗು, ನೀಲಗಿರಿಯಂಥ ಕೆಲವಕ್ಕಷ್ಟೇ ವಿನಾಯಿತಿ. ಏಣಿ ಹತ್ತಿದವನೇ ಮೊದಲು ಇಳಿದ. ಕೊನೆಗೆ ಎರಡು ಕೊಂಬೆ ಸವರಿ ಮುಗಿಸಿದರು.

ಮರವಿರಲಿ, ಕಸ ಸುಡುವುದಿರಲಿ, ಮಳೆನೀರು ಕಟ್ಟಿಕೊಂಡ ಚರಂಡಿಯಿರಲಿ, ಬಾಯಿಮಾತಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ. ನಾಲ್ಕು ಸಾಲು ಬರೆಯಿರಿ. ವಾರ್ಡ್ ನಂಬರ್, ರಸ್ತೆ, ಒಂದು ಫೋಟೋ ಸಾಕು. ಅಕ್ಕಪಕ್ಕದ ಐದಾರು ಮನೆಯವರ ಸಹಿ ಇರಲಿ, ಒಬ್ಬರ ಅರ್ಜಿಗಿಂತ ಅದಕ್ಕೆ ತೂಕ ಜಾಸ್ತಿ. ಸಂಬಂಧಪಟ್ಟ ಆಫೀಸಿಗೆ ಎರಡು ಪ್ರತಿ ಒಯ್ದು ಒಂದರ ಮೇಲೆ ಸೀಲು, ಇನ್‌ವರ್ಡ್ ನಂಬರ್ (ಅರ್ಜಿ ಬಂತೆಂದು ಅವರು ದಾಖಲಿಸುವ ಸಂಖ್ಯೆ) ಹಾಕಿಸಿಕೊಳ್ಳಿ. ಹದಿನೈದು ದಿನ ಬಿಟ್ಟು ಆ ನಂಬರ್ ಹಿಡಿದು ಮತ್ತೆ ಹೋಗಿ. ಅರ್ಜಿ ಕೊಟ್ಟವರು ನನ್ನ ಅಂಗಡಿಗೆ ಬೇಕಾದಷ್ಟು ಬರುತ್ತಾರೆ, ಎರಡನೇ ಸಲ ಆಫೀಸಿಗೆ ಹೋದವರು ಕಡಿಮೆ.

ಸಂಘ-ಸಂಸ್ಥೆ ಸೇರಲೇಬೇಕು ಅಂತೇನಿಲ್ಲ. ಈ ಭಾನುವಾರ ಬಕೆಟ್ಟಿಗೆ ತೂತು ಹೊಡೆದಿಡಿ. ಎಲೆ ಸಿಗಲಿಲ್ಲ ಅಂದರೆ ಕೇಳಿ. ಅಜ್ಜಿ ಕೊಟ್ಟಿದ್ದು ಇನ್ನೂ ಮೂರು ಚೀಲ ಮೆಟ್ಟಿಲ ಕೆಳಗೆ ಬಿದ್ದಿವೆ, ಮನೆಯವರು ಯಾವಾಗ ಸಾಗಿಸ್ತೀರಾ ಅಂತ ಕೇಳ್ತಾನೇ ಇದ್ದಾರೆ.