ಫಿಸಿಕ್ಸ್ ಓದಿ ನೆಟ್‌ವರ್ಕ್ ಸಂಶೋಧನೆಗೆ ಹೋಗಬಹುದಾ?

ಪ್ರಶ್ನೆ: ನಾನು ಎಂ.ಎಸ್ಸಿ. ಫಿಸಿಕ್ಸ್ ಕೊನೇ ವರ್ಷದಲ್ಲಿದ್ದೇನೆ. ಹಾಸ್ಟೆಲ್ಲಿನ ವೈಫೈ ದಿನಾ ರಾತ್ರಿ ಹತ್ತಕ್ಕೆ ಯಾಕೆ ತೆವಳುತ್ತದೆ ಅಂತ ಹುಡುಕಲು ಹೊರಟವಳು ಕಂಪ್ಯೂಟರ್ ನೆಟ್‌ವರ್ಕ್ ವಿಷಯಕ್ಕೇ ಅಂಟಿಕೊಂಡುಬಿಟ್ಟೆ. ಅದರಲ್ಲೇ ಪಿಎಚ್.ಡಿ. ಮಾಡುವ ಆಸೆ. ಮನೆಯಲ್ಲಿ ‘ಐದು ವರ್ಷ ಓದಿದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು’ ಅನ್ನುತ್ತಾರೆ. ಕಂಪ್ಯೂಟರ್ ಸೈನ್ಸ್ ಓದಿದವರ ಮುಂದೆ ನಾನು ನಿಲ್ಲಬಲ್ಲೆನಾ?
– ಓದುಗರು, ಧಾರವಾಡ

ಉತ್ತರ: ಖಂಡಿತ ನಿಲ್ಲಬಲ್ಲಿರಿ. ಈ ದಾರಿ ಹಳೆಯದು. ತುಂಡು ತುಂಡಾಗಿ ಕಳಿಸುವ ಡೇಟಾಕ್ಕೆ 1960ರ ದಶಕದಲ್ಲಿ ‘ಪ್ಯಾಕೆಟ್’ ಅಂತ ಹೆಸರಿಟ್ಟ ಬ್ರಿಟನ್ನಿನ ಡೊನಾಲ್ಡ್ ಡೇವಿಸ್ ಮೊದಲು ಓದಿದ್ದು ಫಿಸಿಕ್ಸ್. ನೆಟ್‌ವರ್ಕ್ ಸಂಶೋಧನೆಯಲ್ಲಿ ಹೆಸರಾದ ಸ್ಕಾಟ್ ಶೆಂಕರ್ 1983ರಲ್ಲಿ ಶಿಕಾಗೋದಲ್ಲಿ ಫಿಸಿಕ್ಸ್ ಪಿಎಚ್.ಡಿ. ಮುಗಿಸಿದರು. 1989ರಲ್ಲಿ ಅವರು ಡೆಮರ್ಸ್ ಮತ್ತು ಕೇಶವ್ ಜೊತೆ ಬರೆದ ಪ್ರಬಂಧ ನಿಮ್ಮ ಹಾಸ್ಟೆಲ್ಲಿನ ಕಷ್ಟದ ಬಗ್ಗೆಯೇ ಇದೆ ಅನ್ನಬಹುದು: ಒಬ್ಬರೇ ಇಡೀ ಲೈನನ್ನು ನುಂಗಿಹಾಕದಂತೆ ರೂಟರ್ ಹೇಗೆ ಸರದಿ ಹಂಚಬೇಕು?

ಇನ್ನೊಂದು ಕಥೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಓದು ಎಲ್ಲಿ ಕೆಲಸಕ್ಕೆ ಬರುತ್ತದೆ ಅನ್ನುವುದು ಅದರಲ್ಲಿ ಚೆನ್ನಾಗಿ ಕಾಣುತ್ತದೆ. 1986ರ ಅಕ್ಟೋಬರ್. ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಿಂದ ಪಕ್ಕದ ವಿಶ್ವವಿದ್ಯಾಲಯಕ್ಕೆ ಬರೀ 400 ಗಜ ದೂರ. ಸೆಕೆಂಡಿಗೆ 32 ಸಾವಿರ ಬಿಟ್ ಹೋಗುತ್ತಿದ್ದ ಕಡೆ ಇದ್ದಕ್ಕಿದ್ದಂತೆ 40 ಬಿಟ್ ಹೋಗತೊಡಗಿತು. ಲೈನು ಕೆಟ್ಟಿರಲಿಲ್ಲ. ಕಳಿಸಿದ್ದು ತಲುಪಲಿಲ್ಲ ಅಂದುಕೊಂಡ ಕಂಪ್ಯೂಟರುಗಳು ಅದನ್ನೇ ಮತ್ತೆ ಮತ್ತೆ ಕಳಿಸುತ್ತಿದ್ದವು, ದಟ್ಟಣೆ ಅದರಿಂದಲೇ ಜಾಸ್ತಿಯಾಗುತ್ತಿತ್ತು. ಆ ಲ್ಯಾಬಿನಲ್ಲಿದ್ದ ವ್ಯಾನ್ ಜೇಕಬ್ಸನ್ 1988ರ ಪ್ರಬಂಧದಲ್ಲಿ ಇದಕ್ಕೆ ‘ಪ್ಯಾಕೆಟ್ ಸಂರಕ್ಷಣೆ’ಯ ನಿಯಮ ಮುಂದಿಟ್ಟರು: ಸಮತೋಲದಲ್ಲಿರುವ ಸಂಪರ್ಕದಲ್ಲಿ ಹಳೇ ಪ್ಯಾಕೆಟ್ ಒಂದು ಹೊರಬಿದ್ದ ಮೇಲೇ ಹೊಸದು ಒಳಗೆ ಹೋಗಬೇಕು. ಫಿಸಿಕ್ಸ್‌ನವರು ಇಂಥದ್ದನ್ನು ‘ಕನ್ಸರ್ವೇಟಿವ್’ (ಒಟ್ಟು ಮೊತ್ತ ಬದಲಾಗದ್ದು) ಅನ್ನುತ್ತಾರೆ ಅಂತ ಅಲ್ಲೇ ಬರೆದಿದ್ದಾರೆ. ನಿಮಗೆ ಓದುವಾಗ ನಮ್ಮ ಮನೆ ಮಾತೇ ಅನ್ನಿಸುತ್ತದೆ, ಅಲ್ವಾ? ಆದರೆ ಅವರು ನಿಯಮ ಬರೆದು ಸುಮ್ನೆ ಕೂರಲಿಲ್ಲ. ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ಮಿನಲ್ಲಿ ಡೇಟಾ ಸರಿಯಾಗಿ ತಲುಪುವಂತೆ ನೋಡಿಕೊಳ್ಳುವ ಟಿಸಿಪಿ ಕೋಡಿನೊಳಗೆ ಅದನ್ನು ಇಳಿಸಿದರು.

ನನ್ನ ಕಾಳಜಿ ಇರುವುದೂ ಇಲ್ಲೇ. 2000ನೇ ಇಸವಿಯಲ್ಲಿ ಕೆಲವು ಫಿಸಿಕ್ಸ್ ಸಂಶೋಧಕರು, ಇಂಟರ್ನೆಟ್ಟಿನಲ್ಲಿ ತುಂಬಾ ಕೊಂಡಿಗಳಿರುವ ಕೆಲವೇ ಕೇಂದ್ರಗಳಿವೆ, ಅವನ್ನು ಹೊಡೆದರೆ ಇಡೀ ಜಾಲ ಚೂರಾಗುತ್ತದೆ ಎಂದು ಲೆಕ್ಕದಿಂದ ತೋರಿಸಿದರು. 2005ರಲ್ಲಿ ಡಾಯ್ಲ್, ವಿಲಿಂಜರ್ ಮತ್ತಿತರರು ರೂಟರ್ ಎಂಬ ಯಂತ್ರವನ್ನೇ ಮುಂದಿಟ್ಟು ಉತ್ತರ ಕೊಟ್ಟರು. ಒಂದು ರೂಟರ್ ಸಾಗಿಸಬಲ್ಲ ಒಟ್ಟು ಡೇಟಾಕ್ಕೆ ಮಿತಿ ಇದೆ. ಲೈನುಗಳು ಜಾಸ್ತಿಯಾದಷ್ಟೂ ಒಂದೊಂದರ ವೇಗ ಕಮ್ಮಿ. ಹಾಗಾಗಿ ತುಂಬಾ ಕೊಂಡಿಗಳಿರುವ ರೂಟರುಗಳು ಮನೆ, ಆಫೀಸುಗಳನ್ನು ಕೂಡಿಸುತ್ತಾ ಅಂಚಿನಲ್ಲಿರುತ್ತವೆ. ನಡುವೆ ಇರುವುದು ಕಡಿಮೆ ಲೈನಿನ, ಭಾರೀ ವೇಗದ ರೂಟರುಗಳು. ಅಂದರೆ ತುಂಬಾ ಕೊಂಡಿಗಳಿರುವವನ್ನು ಹೊಡೆದರೂ ಇಡೀ ಜಾಲ ಚೂರಾಗುವುದಿಲ್ಲ. ಗಣಿತ ಬಲ್ಲವರು ಯಂತ್ರ ಬಿಚ್ಚಿ ನೋಡದಿದ್ದರೆ ಹೀಗಾಗುತ್ತದೆ. ಪ್ರಾಬಬಿಲಿಟಿ, ಸ್ಟಾಟಿಸ್ಟಿಕಲ್ ಮೆಕ್ಯಾನಿಕ್ಸ್ ನಿಮ್ಮ ಕೈಲಿವೆ, ಅವು ಹೊಳೆ ಪಾಲಾಗುವುದಿಲ್ಲ ಅಂತ ಮನೆಯವರಿಗೆ ಧೈರ್ಯವಾಗಿ ಹೇಳಿ. ನಿಮಗೆ ಕಮ್ಮಿ ಇರುವುದು ಸಿ ಭಾಷೆ, ಆಪರೇಟಿಂಗ್ ಸಿಸ್ಟಮ್, ರೂಟರಿನ ಒಳಗು. ಒಂದು ವರ್ಷ ಗಟ್ಟಿಯಾಗಿ ಕೂತರೆ ಬರುತ್ತದೆ.

ಪ್ರವೇಶದ ವಿಚಾರ: ಎಂ.ಎಸ್ಸಿ.ಯವರು ಗೇಟ್ ಪ್ರವೇಶ ಪರೀಕ್ಷೆಯಲ್ಲಿ ಕಂಪ್ಯೂಟರ್ ಸೈನ್ಸ್ ಪೇಪರ್ ಬರೆಯಬಹುದು. ಆದರೆ ಫಿಸಿಕ್ಸ್ ಡಿಗ್ರಿಯನ್ನು ಒಪ್ಪುವ ನಿಯಮ ಒಂದೊಂದು ವಿಭಾಗದಲ್ಲಿ ಒಂದೊಂದು ಥರ, ಅರ್ಜಿಗೆ ಮುಂಚೆ ಓದಿಕೊಳ್ಳಿ.

ಈ ವಾರವೇ ಒಂದು ಕೆಲಸ ಶುರು ಮಾಡಿ. ನಿಮ್ಮ ಲ್ಯಾಪ್‌ಟಾಪಿನಿಂದ ನಿಮಿಷಕ್ಕೊಮ್ಮೆ ಹಾಸ್ಟೆಲ್ಲಿನ ರೂಟರಿಗೂ ಹೊರಗಿನ ಒಂದು ಸರ್ವರಿಗೂ ಪಿಂಗ್ (ಉತ್ತರ ಬರಲು ಎಷ್ಟು ಹೊತ್ತಾಯಿತು ಅಂತ ಅಳೆಯುವ ಪುಟ್ಟ ಸಂದೇಶ) ಕಳಿಸಿ, ಏಳು ದಿನ ಬರೆದಿಡಿ. ಹತ್ತು ಗಂಟೆಗೆ ರೂಟರಿನ ಉತ್ತರವೇ ತಡವಾದರೆ ತೊಂದರೆ ವೈಫೈನಲ್ಲಿರಬಹುದು. ಹೊರಗಿನದು ಮಾತ್ರ ತಡವಾದರೆ ಹೊರಹೋಗುವ ಲೈನ್ ತುಂಬಿರಬಹುದು. ಯಾರನ್ನು ಗೈಡ್ ಆಗಿ ಅಂತ ಕೇಳಬೇಕೆಂದಿದ್ದೀರೋ ಅವರಿಗೆ ಬರೆಯುವ ಮೊದಲ ಪತ್ರದ ಜೊತೆಗೇ ಆ ಗ್ರಾಫ್ ಕಳಿಸಿ.