ಕೂಡಬೇಕಾ, ಕಳೆಯಬೇಕಾ?

ಪ್ರಶ್ನೆ: ನನ್ನ ಮಗಳು ಐದನೇ ತರಗತಿ. ಬರೀ ಅಂಕಿ ಕೊಟ್ಟರೆ ಗುಣಾಕಾರ, ಭಾಗಾಕಾರ ಎಲ್ಲ ಸರಿಯಾಗಿ ಮಾಡುತ್ತಾಳೆ. ಅದೇ ಹೇಳಿಕೆ ಲೆಕ್ಕ ಬಂದರೆ "ಕೂಡಬೇಕಾ, ಕಳೆಯಬೇಕಾ?" ಅಂತ ನನ್ನ ಮುಖ ನೋಡುತ್ತಾಳೆ. 'ಒಟ್ಟು', 'ಹೆಚ್ಚು' ಅಂತ ಇದ್ದರೆ ಕೂಡು, 'ಉಳಿದದ್ದು' ಅಂತ ಇದ್ದರೆ ಕಳೆ ಅಂತ ಹೇಳಿಕೊಟ್ಟಿದ್ದೇನೆ. ಆದರೂ ತಪ್ಪುತ್ತದೆ.

ಉತ್ತರ: ಮೊದಲು ಆ ಪಾಠ ನಿಲ್ಲಿಸಿ. ತೊಂದರೆ ಕೊಡುತ್ತಿರುವುದೇ ಅದು. ಈ ಲೆಕ್ಕ ನೋಡಿ: ಅಣ್ಣನ ಹತ್ತಿರ 15 ಪುಸ್ತಕಗಳಿವೆ, ಅದು ತಂಗಿಯ ಹತ್ತಿರ ಇರುವುದಕ್ಕಿಂತ 6 ಹೆಚ್ಚು, ತಂಗಿಯ ಹತ್ತಿರ ಎಷ್ಟಿವೆ? 'ಹೆಚ್ಚು' ಕಂಡ ಕೂಡಲೇ ಎಷ್ಟೋ ಮಕ್ಕಳು 21 ಅಂತ ಬರೆದು ಮುಂದಿನ ಲೆಕ್ಕಕ್ಕೆ ಹೋಗಿಬಿಡುತ್ತಾರೆ. ಅಣ್ಣನದೇ ಜಾಸ್ತಿ ಅಂದ ಮೇಲೆ ತಂಗಿಯದು 15ಕ್ಕಿಂತ ಕಡಿಮೆ ಇರಲೇಬೇಕು ಅಲ್ವಾ? ಉತ್ತರ 9.

ಇದು ನಿಮ್ಮ ಮಗಳೊಬ್ಬಳ ಕತೆಯಲ್ಲ. ಫ್ರಾನ್ಸಿನ ಗ್ರೆನೋಬ್ಲ್‌ನಲ್ಲಿ 1979ರಲ್ಲಿ ಪುಟ್ಟ ಮಕ್ಕಳಿಗೆ ಒಂದು ಪ್ರಶ್ನೆ ಕೊಟ್ಟಿದ್ದರು: ಹಡಗಿನಲ್ಲಿ 26 ಕುರಿ, 10 ಆಡು ಇವೆ, ಹಡಗಿನ ನಾಯಕನ ವಯಸ್ಸೆಷ್ಟು? 97 ಮಕ್ಕಳಲ್ಲಿ 76 ಮಂದಿ ಆ ಅಂಕಿಗಳನ್ನೇ ಬಳಸಿ ಏನೋ ಒಂದು ಉತ್ತರ ಕೊಟ್ಟರು. ಮಕ್ಕಳು ದಡ್ಡರು ಅಂತ ಇದರ ಅರ್ಥ ಅಲ್ಲವೇ ಅಲ್ಲ. ಲೆಕ್ಕ ಅಂದರೆ ಸುಮ್ನೆ ಅಂಕಿ ಹೆಕ್ಕಿ ಏನಾದರೂ ಮಾಡುವುದು ಅಂತ ಅವರಿಗೆ ಅನ್ನಿಸಿಬಿಟ್ಟಿದೆ, ಹಾಗೆ ಅನ್ನಿಸುವಂತೆ ಕಲಿಸಿದವರು ದೊಡ್ಡವರೇ.

ಹಾಗಾಗಿ ಲೆಕ್ಕ ಓದುವಾಗ ಅಂಕಿಗಳ ಮೇಲೆ ಬೆರಳಿಟ್ಟು ಮುಚ್ಚಿ. "ಇಲ್ಲಿ ಏನು ನಡೀತಿದೆ, ನಿನ್ನ ಮಾತಲ್ಲಿ ಹೇಳು" ಅನ್ನಿ. ಅವಳು ಹೇಳಿದ ಮೇಲೆ ಉತ್ತರದ ವಾಕ್ಯವನ್ನೇ ಮೊದಲು ಬರೆಸಿ, ಅಂಕಿಯ ಜಾಗ ಖಾಲಿ ಬಿಟ್ಟು: 'ತಂಗಿಯ ಹತ್ತಿರ ___ ಪುಸ್ತಕಗಳಿವೆ.' ಏನು ಹುಡುಕುತ್ತಿದ್ದೇವೆ ಅನ್ನುವುದು ಆಗ ಕಣ್ಣೆದುರಿಗೇ ಇರುತ್ತದೆ. ಆಮೇಲೆ ಎರಡು ಪಟ್ಟಿ ಎಳೆಯಲಿ, ಅಣ್ಣನದು ಉದ್ದ, ತಂಗಿಯದು ಗಿಡ್ಡ, ಉದ್ದ ಇರುವ ಆ ತುಂಡಿನ ಮೇಲೆ 6. ಸಿಂಗಪುರದ ಶಾಲೆಗಳಲ್ಲಿ 1980ರ ದಶಕದಿಂದ ಇಂಥ ಪಟ್ಟಿಗಳನ್ನೇ ಬಳಸಿ ಕಲಿಸುತ್ತಿದ್ದಾರೆ. ಚಿತ್ರ ನೋಡಿದರೆ ಕೂಡಬೇಕೋ ಕಳೆಯಬೇಕೋ ಅನ್ನುವ ಪ್ರಶ್ನೆಯೇ ಏಳುವುದಿಲ್ಲ. ಕೊನೆಗೆ ಸಿಕ್ಕ ಉತ್ತರವನ್ನು ಮತ್ತೆ ಕತೆಯೊಳಗೆ ಹಾಕಿ ಓದಲಿ. 9ಕ್ಕೆ 6 ಸೇರಿಸಿದರೆ 15, ಸರಿ. 21ಕ್ಕೆ 6 ಸೇರಿಸಿದರೆ 27, ಅಣ್ಣನ ಹತ್ತಿರ ಅಷ್ಟಿಲ್ಲ. ತನ್ನ ತಪ್ಪನ್ನು ತಾನೇ ಹಿಡಿಯುವುದು ಅವಳಿಗೆ ಬರಬೇಕು, ನೀವು ಟಿಕ್ ಹಾಕುವವರೆಗೆ ಕಾಯಬಾರದು.

ಪ್ರಶ್ನೆ: ಹೋಗುವಾಗ ಗಂಟೆಗೆ 40 ಕಿ.ಮೀ., ಅದೇ ದಾರಿಯಲ್ಲಿ ಬರುವಾಗ ಗಂಟೆಗೆ 60 ಕಿ.ಮೀ. ಸರಾಸರಿ ವೇಗ 50 ತಾನೇ? ಪುಸ್ತಕದಲ್ಲಿ 48 ಅಂತಿದೆ. ದೂರ ಎಷ್ಟು ಅಂತಲೂ ಕೊಟ್ಟಿಲ್ಲ!

ಉತ್ತರ: ಪುಸ್ತಕ ಸರಿ. ಸರಾಸರಿ ವೇಗ ಅಂದರೆ ಒಟ್ಟು ದೂರವನ್ನು ಒಟ್ಟು ಸಮಯದಿಂದ ಭಾಗಿಸುವುದು, ಎರಡು ವೇಗ ಕೂಡಿ ಅರ್ಧ ಮಾಡುವುದಲ್ಲ. ದೂರ ಕೊಟ್ಟಿಲ್ಲವಾದರೆ ನೀವೇ ಒಂದು ಇಟ್ಟುಕೊಳ್ಳಿ, 40 ಮತ್ತು 60 ಎರಡರಿಂದಲೂ ಭಾಗವಾಗುವಂಥದ್ದು. 120 ಇರಲಿ. ಹೋಗಲು 3 ಗಂಟೆ, ಬರಲು 2 ಗಂಟೆ, ಒಟ್ಟು 5. ಓಡಿದ್ದು 240 ಕಿ.ಮೀ. 240ನ್ನು 5ರಿಂದ ಭಾಗಿಸಿದರೆ 48. ದೂರ 60 ಅಂತ ಇಟ್ಟು ನೋಡಿ, ಎರಡೂವರೆ ಗಂಟೆಯಲ್ಲಿ 120 ಕಿ.ಮೀ., ಆಗಲೂ 48ವೇ ಬರುತ್ತದೆ. ನಿಧಾನವಾಗಿ ಓಡಿಸಿದಾಗ ದಾರಿಯಲ್ಲಿ ಜಾಸ್ತಿ ಹೊತ್ತು ಕಳೆಯುತ್ತೀರಿ, ಅದಕ್ಕೇ ಸರಾಸರಿ 40ರ ಕಡೆಗೆ ವಾಲುತ್ತದೆ.

ಪ್ರಶ್ನೆ: ಬೆಲೆ ಶೇ. 20 ಏರಿ, ಆಮೇಲೆ ಶೇ. 20 ಇಳಿದರೆ ಮೊದಲಿನ ಬೆಲೆಗೇ ಬರುತ್ತದೆಯಲ್ಲವೇ?

ಉತ್ತರ: ಇಲ್ಲ. ಶೇಕಡಾ ಕಂಡಾಗಲೆಲ್ಲ 'ಯಾವುದರಲ್ಲಿ?' ಅಂತ ಕೇಳಿಕೊಳ್ಳಿ. ಬೆಲೆ 100 ಇತ್ತು ಅನ್ನೋಣ. ಅದರಲ್ಲಿ ಶೇ. 20 ಏರಿದರೆ 120. ಇಳಿಯುವಾಗ ಶೇ. 20 ಲೆಕ್ಕ ಹಾಕುವುದು ಈ 120ರಲ್ಲಿ, ಅಂದರೆ 24. ಉಳಿದದ್ದು 96. 120ರಿಂದ ಮತ್ತೆ 100ಕ್ಕೆ ಬರಬೇಕಾದರೆ ಆರನೇ ಒಂದು ಭಾಗ ಇಳಿದರೆ ಸಾಕು, ಅದು ಸುಮಾರು ಶೇ. 16.67.